ಜೋಡಿ ಇಲ್ಲದ ಕಾರ್ಡುಗಳು

ಕೊಪ್ಪಳದ ಸ್ಟೇಷನ್ನಿನಿಂದ ಎರಡು ಚಕ್ಕಡಿಗಳ ಮೇಲೆ ಆರು ತಗಡಿನ ಟ್ರಂಕುಗಳು ದವಾಖಾನೆಯ ಅಂಗಳಕ್ಕೆ ಬಂದು ಇಳಿದವು. ಬಟ್ಟೆಬರೆ ಇದ್ದದ್ದು ಒಂದರಲ್ಲಿ ಮಾತ್ರ. ಉಳಿದ ಐದರಲ್ಲಿ ಅಮೆರಿಕದ ಒಂದು ಊರಿನ ಜನರೆಲ್ಲ ಕಾರ್ಡುಗಳಾಗಿ ತುಂಬಿಕೊಂಡಿದ್ದರು. ಮುಂದೆ ಹದಿನಾಲ್ಕು ತಿಂಗಳು ನಾನು ಆ ಊರಿನ ಕೆಲಸ ಮಾಡಿದೆ. ಅದನ್ನು ಕಣ್ಣಿನಿಂದ ಕಂಡವನಲ್ಲ. ಆದರೂ ಅದರ ಯಾವ ಓಣಿಯಲ್ಲಿ ಯಾರ ಮನೆಗೆ ರೇಡಿಯೋ ಬಂತು, ಯಾರ ಮಗಳು ಯಾರನ್ನೂ ಕೇಳದೆ ಮದುವೆಯಾದಳು ಎಂಬುದು ನನ್ನ ಹುಟ್ಟೂರು ಯಲಬುರ್ಗಾದ ಸುದ್ದಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

ಟ್ರಂಕುಗಳ ಒಡೆಯರು ನಮ್ಮ ಮಿಶನ್ ದವಾಖಾನೆಯ ಅಮೆರಿಕನ್ ಡಾಕ್ಟರಬಾಯಿಯ ಅಣ್ಣ. ಅಮೆರಿಕದ ಒಂದು ಕಾಲೇಜಿನಲ್ಲಿ ಪ್ರೊಫೆಸರು. ಆ ದೇಶದ ದಕ್ಷಿಣ ಸೀಮೆಯಲ್ಲಿ ಹತ್ತಿ ಗಿರಣಿಗಳ ಒಂದು ಊರನ್ನು ಆರಿಸಿಕೊಂಡು, ಮನೆಮನೆಗೆ ಜನರನ್ನು ಕಳಿಸಿ, ಬದುಕಿನ ರೀತಿಯನ್ನೆಲ್ಲ ಕೇಳಿ ಬರೆಸಿದ್ದರು. ಆಮೇಲೆ ಅಲ್ಲಿ ಗಿರಣಿಗಳು ಮುಚ್ಚಿ ಕೆಟ್ಟ ಕಾಲ ಬಂತು. ಹತ್ತು ವರ್ಷ ಬಿಟ್ಟು ಅವೇ ಮನೆಗಳಿಗೆ ಮತ್ತೆ ಜನ ಕಳಿಸಿ ಅವೇ ಪ್ರಶ್ನೆಗಳನ್ನು ಕೇಳಿಸಿದರು. ಹೀಗೆ ಮನೆಗೆ ಎರಡು ಕಾರ್ಡು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುವೆ ಏನು ಬದಲಾಯಿತು ಎಂಬುದು ಕಾಣಬೇಕು. ತಂಗಿಯ ಬಳಿ ನಾಲ್ಕು ತಿಂಗಳಿದ್ದು ಪುಸ್ತಕ ಮುಗಿಸಿ ಹೋಗುವುದು ಅವರ ಯೋಚನೆ. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಗಿ ಹಡಗು ಸಿಗುವುದು ಕಷ್ಟವಾಯಿತು.

ನಾನು ಆಗ ಕೊಪ್ಪಳದ ಒಂದು ಹತ್ತಿ ಗಿರಣಿಯಲ್ಲಿ ಕಾರಕೂನ. ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿದ್ದು ಮ್ಯಾಟ್ರಿಕ್ ಮುಗಿಸಿದ್ದೆ. ಅರಳೆಯ ಧೂಳು ಎದೆಗೆ ಹೋಗಿ ಸುಗ್ಗಿ ಬಂತೆಂದರೆ ಕೆಮ್ಮು ಹತ್ತುತ್ತಿತ್ತು. ಆ ವರ್ಷ ಕೆಮ್ಮಿನ ಜೊತೆ ರಕ್ತದ ಗೆರೆಯೂ ಕಂಡಿತು. ಡಾಕ್ಟರಬಾಯಿ ಎದೆಗೆ ನಳಿಗೆ ಇಟ್ಟು ನೋಡಿ, ಗಿರಣಿ ಬಿಡದಿದ್ದರೆ ಇನ್ನು ನಾಲ್ಕು ವರ್ಷ ಬದುಕಬಹುದು ಎಂದರು. ಆಮೇಲೆ ಅದೇ ದನಿಯಲ್ಲಿ, ಇಂಗ್ಲಿಷಿನ ಕೈಬರಹ ಓದಲು ಬರುತ್ತದೆಯೇ ಎಂದು ಕೇಳಿದರು.

ಕೆಲಸಕ್ಕೆ ಇಬ್ಬರು ಬೇಕಿತ್ತು. ಇನ್ನೊಬ್ಬರು ದವಾಖಾನೆಯ ಹಿಂದಿದ್ದ ಸಣ್ಣ ಶಾಲೆಯಲ್ಲಿ ಕಲಿಸುತ್ತಿದ್ದ ಹೆಣ್ಣುಮಗಳು. ಕುಕನೂರಿನ ಮಾದರ ಕೇರಿಯವರು. ಬಳ್ಳಾರಿಯಲ್ಲಿ ಪಾದ್ರಿಗಳ ಬೋರ್ಡಿಂಗಿನಲ್ಲಿ ಓದಿದವರು. ಇಂಗ್ಲಿಷನ್ನು ನನಗಿಂತ ಸಲೀಸಾಗಿ ಆಡುತ್ತಿದ್ದರು. ಶಾಲೆಯ ಮಕ್ಕಳು ಅವರನ್ನು ಅಕ್ಕೋರು ಎನ್ನುತ್ತಿದ್ದರು. ನಾನು ಏನೆಂದೂ ಕರೆಯುತ್ತಿರಲಿಲ್ಲ, ಮಾತಾಡಬೇಕಾದಾಗ ಸುಮ್ಮನೆ ಆ ಕಡೆಗೆ ನೋಡುತ್ತಿದ್ದೆ. ಇಲ್ಲಿ ಅಕ್ಕೋರು ಎಂದೇ ಬರೆಯುತ್ತೇನೆ.

ಮೊದಲ ದಿನ ಪಡಸಾಲೆಯಲ್ಲಿ ಒಂದೇ ದೊಡ್ಡ ಮೇಜು ಹಾಕಿಸಿದ್ದರು. ಒಂದೇ ಮೇಜಾದರೆ ಎರಡು ಸಲದ ಕಾರ್ಡುಗಳು ಕಲಬೆರಕೆ ಆಗುತ್ತವೆ, ಎರಡು ಮೇಜು ಬೇಕು ಎಂದು ನಾನು ಪ್ರೊಫೆಸರ್ ಸಾಹೇಬರಿಗೆ ಹೇಳಿದೆ. ಕಾರಣ ಅದಲ್ಲ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಅವರು ನನ್ನನ್ನೊಮ್ಮೆ ನೋಡಿ, ಪ್ರತಿ ಊರಿಗೂ ಅದರದೇ ಏರ್ಪಾಡು ಇರುತ್ತದೆ ಎಂದು ನಕ್ಕು ಇನ್ನೊಂದು ಮೇಜು ತರಿಸಿದರು. ಅಕ್ಕೋರು ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಆ ಮೇಜಿಗೆ ಹೋದರು. ನಡುವೆ ಒಂದು ಸ್ಟೂಲು, ಅದರ ಮೇಲೆ ಬಿದಿರಿನ ತಟ್ಟೆ. ನಾನು ಕಾರ್ಡು ಕೊಡಬೇಕಾದರೆ ತಟ್ಟೆಯಲ್ಲಿಡುವುದು, ಅವರು ಎತ್ತಿಕೊಳ್ಳುವುದು. ಅವರು ಇಟ್ಟದ್ದನ್ನು ನಾನು ಎತ್ತಿಕೊಳ್ಳುವುದು. ಕುಡಿಯುವ ನೀರನ್ನು ಮನೆಯಿಂದಲೇ ತಂಬಿಗೆಯಲ್ಲಿ ತರುತ್ತಿದ್ದೆ.

ಕೆಲಸದ ರೀತಿ ಹೀಗಿತ್ತು. ಕಾರ್ಡು ಅಂಗೈಗಿಂತ ತುಸು ದೊಡ್ಡದು. ನಾಲ್ಕೂ ಅಂಚಿಗೆ ಸಾಲಾಗಿ ತೂತುಗಳು. ಒಂದೊಂದು ತೂತಿಗೆ ಒಂದೊಂದು ಅರ್ಥ. ಮನೆಯಲ್ಲಿ ಮೋಟಾರು ಇದ್ದರೆ ಒಂದು, ಹೆಂಗಸರು ದುಡಿಯಲು ಹೊರಗೆ ಹೋಗುತ್ತಿದ್ದರೆ ಒಂದು, ಭಾನುವಾರ ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದರೆ ಒಂದು. ಉತ್ತರ ಹೌದು ಎಂದಿದ್ದರೆ ಆ ತೂತಿನಿಂದ ಅಂಚಿನವರೆಗೆ ಇಕ್ಕಳದಿಂದ ಕಚ್ಚು ಹಾಕಬೇಕು. ಆಮೇಲೆ ಒಂದು ಹಿಡಿ ಕಾರ್ಡನ್ನು ಅಂಚು ಕೂಡಿಸಿ ಹಿಡಿದು, ಬೇಕಾದ ತೂತಿನಲ್ಲಿ ಉದ್ದ ಸೂಜಿ ಪೋಣಿಸಿ ಎತ್ತಿ ಅಲುಗಿಸಿದರೆ ಕಚ್ಚು ಬಿದ್ದ ಕಾರ್ಡುಗಳು ಉದುರುತ್ತವೆ, ಉಳಿದವು ಸೂಜಿಗೆ ನೇತಾಡುತ್ತವೆ. ಉದುರಿದ್ದನ್ನು ಎಣಿಸಿ ಬರೆಯುವುದು. ಮತ್ತೆ ಅವನ್ನೇ ಎತ್ತಿಕೊಂಡು ಇನ್ನೊಂದು ತೂತಿಗೆ ಸೂಜಿ. ಎರಡನೆಯ ತಿಂಗಳಲ್ಲಿ ಅಮೆರಿಕದ ಸೂಜಿ ಸೊಟ್ಟಗಾಯಿತು. ನಾನು ಗಿರಣಿಯಿಂದ ಹತ್ತಿ ತುಂಬಿದ ಅಂಡಿಗೆಗಳ ಬಾಯಿ ಹೊಲಿಯುವ ದಬ್ಬಣ ತಂದು ಕೊಟ್ಟೆ. ಅದು ಇನ್ನೂ ಚೆನ್ನಾಗಿ ನಡೆಯಿತು.

ಒಬ್ಬರು ಎಣಿಸಿದ ಕಟ್ಟನ್ನು ಇನ್ನೊಬ್ಬರು ಮತ್ತೆ ಎಣಿಸುವುದು ನೇಮ. ಲೆಕ್ಕ ಹೊಂದದಿದ್ದರೆ ಮೂರನೆಯ ಸಲ ಇಬ್ಬರೂ ಎಣಿಸಿ, ತಪ್ಪು ಯಾರದೆಂದು ಕೆಂಪು ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಪ್ರೊಫೆಸರ್ ಸಾಹೇಬರು ಆ ಡಬ್ಬಿ ತೆರೆದು ನೋಡಿದ್ದನ್ನು ನಾನು ಕಾಣಲಿಲ್ಲ. ಅದರಲ್ಲಿದ್ದ ಚೀಟಿಗಳೆಲ್ಲ ನನ್ನವು, ಒಂದನ್ನು ಬಿಟ್ಟು. ಆ ಒಂದು ಅಕ್ಕೋರು ಜ್ವರದಲ್ಲಿ ಬಂದು ಕೂತ ದಿನದ್ದು.

ನನಗೆ ಕಾರ್ಡು ಎಂದರೆ ತೂತು, ಕಚ್ಚು, ಎಣಿಕೆ. ಅಕ್ಕೋರು ಪ್ರತಿ ಕಾರ್ಡನ್ನೂ ಮೊದಲು ಓದಿ ಆಮೇಲೆ ಇಕ್ಕಳ ಹಿಡಿಯುತ್ತಿದ್ದರು. ಹೆಸರಿರಲಿಲ್ಲ, ನಂಬರು ಮಾತ್ರ. ಕೆಲವು ಕಾರ್ಡುಗಳ ಮೂಲೆಯಲ್ಲಿ ಒಂದು ಅಕ್ಷರ ಇರುತ್ತಿತ್ತು. ಅದೇನೆಂದು ಕೇಳಿದೆ. ಅವು ಕರಿಯ ಜನರ ಮನೆಗಳು, ಅವರ ಓಣಿಗಳು ರೈಲು ಹಳಿಯ ಆಚೆ ಇವೆ, ಶಾಲೆ, ಚರ್ಚು, ಸ್ಮಶಾನ ಎಲ್ಲ ಬೇರೆ ಎಂದು ಸಾಹೇಬರು ವಿವರಿಸಿದರು. ಅವರು ಒಳಗೆ ಹೋದ ಮೇಲೆ ಅಕ್ಕೋರು ಕಾರ್ಡಿನಿಂದ ತಲೆ ಎತ್ತದೆ ಕೇಳಿದರು.

"ಅಲ್ಲೂ ಕೇರಿ ಐತೇನ್ರಿ, ಕಾರಕೂನ್ರ?"

ನಾನು ಮುಂದಿನ ಕಾರ್ಡಿಗೆ ಕಚ್ಚು ಹಾಕಿದೆ. ಆ ದಿನದಿಂದ ಅವರು ಆ ಅಕ್ಷರವಿದ್ದ ಕಾರ್ಡುಗಳನ್ನು ಇನ್ನೂ ನಿಧಾನವಾಗಿ ಓದುವುದನ್ನು ಗಮನಿಸಿದೆ. ಒಂದು ಕಾರ್ಡನ್ನು ನನಗೂ ಓದಿ ಹೇಳಿದರು. ಬಟ್ಟೆ ಒಗೆಯುವ ಹೆಂಗಸು, ಗಂಡ ಇಲ್ಲ, ಮಗಳು ಆ ಕೇರಿಯ ಶಾಲೆಯಲ್ಲಿ ಕೊನೆಯ ತರಗತಿ. ಮುಂದಿನ ಯೋಚನೆ ಏನೆಂಬ ಪ್ರಶ್ನೆಯ ಎದುರಿಗೆ, ಮಗಳನ್ನು ಮಾಸ್ತರಿಣಿ ಮಾಡುವುದು ಎಂದು ಬರೆದಿತ್ತು. ಹತ್ತು ವರ್ಷದಲ್ಲಿ ಆಗಿರಬೇಕು, ಎರಡನೆಯ ಕಾರ್ಡು ಬಂದಾಗ ನೋಡೋಣ ಎಂದರು. ಅಕ್ಕೋರಿಗೂ ಡಾಕ್ಟರಬಾಯಿ ಅಂಥದೇ ಮಾತು ಕೊಟ್ಟಿದ್ದರು. ಈ ಕೆಲಸ ಮುಗಿದ ಮೇಲೆ ಬಳ್ಳಾರಿಯಲ್ಲಿ ಶಿಕ್ಷಕಿಯರ ತರಬೇತಿಗೆ ಕಳಿಸುವುದಾಗಿ.

ಮಳೆಗಾಲದಲ್ಲಿ ಗೆದ್ದಲು ಬಿತ್ತು. ನೆಲದ ಮೇಲಿಟ್ಟಿದ್ದ ಒಂದು ಟ್ರಂಕಿನ ತಳ ತುಕ್ಕು ಹಿಡಿದು ತೂತಾಗಿತ್ತು. ಮುಚ್ಚಳ ತೆಗೆದಾಗ ಓಣಿವಾರು ಪಟ್ಟಿಯ ದಪ್ಪ ಪುಸ್ತಕ ಮೇಲಿಂದ ಸರಿಯಾಗಿಯೇ ಇತ್ತು. ಕೈಯಲ್ಲಿ ಎತ್ತಿದರೆ ರಟ್ಟು ಮಾತ್ರ ಬಂತು. ಕಾರ್ಡುಗಳು ಉಳಿದದ್ದು ಪುಣ್ಯ. ಪ್ರೊಫೆಸರ್ ಸಾಹೇಬರು ಆ ಖಾಲಿ ರಟ್ಟನ್ನು ಹಿಡಿದುಕೊಂಡು ಒಳಗೆ ಹೋದರು. ಮರುದಿನ ಬಂದು, ಪಟ್ಟಿಯನ್ನು ಕಾರ್ಡುಗಳಿಂದಲೇ ಹೊಸದಾಗಿ ಕಟ್ಟಬೇಕು ಎಂದರು. ಅಂದರೆ ಅಷ್ಟೂ ಕಾರ್ಡುಗಳನ್ನು ಓಣಿಯ ಪ್ರಕಾರ ಬೇರ್ಪಡಿಸಿ, ಮನೆಯ ಎರಡೂ ಕಾರ್ಡುಗಳನ್ನು ಜೋಡಿ ಮಾಡಿ, ನಂಬರು ಬರೆಯುವುದು. ಮೂರು ತಿಂಗಳ ಕೆಲಸ ಮತ್ತೆ ಮೊದಲಿಂದ.

ನಾನು ಮೊದಲ ಸಲದ ಕಾರ್ಡಿನ ನಂಬರು ಕೂಗುವುದು, ಅಕ್ಕೋರು ಎರಡನೆಯದನ್ನು ಹುಡುಕಿ ಓಗೊಡುವುದು. ಜೋಡಿ ಸಿಗದ ಕಾರ್ಡು ಪ್ರತಿ ಓಣಿಯಲ್ಲೂ ಒಂದೆರಡು ಇದ್ದವು. ಸತ್ತವರು, ಬೇರೆ ಊರಿಗೆ ಹೋದವರು. ಅದುವರೆಗೂ ಅಂಥವನ್ನೆಲ್ಲ ಬೇರೆ ಬೇರೆ ಕಟ್ಟುಗಳಲ್ಲಿ ಕಂಡು, 'ಊರು ಬಿಟ್ಟವರು' ಎಂಬ ಒಂದೇ ಕಲಮಿಗೆ ಹಾಕಿ ಮುಂದೆ ಹೋಗಿದ್ದೆವು. ಈಗ ಓಣಿವಾರು ಇಟ್ಟಾಗ ನದಿಯ ಕಡೆಯ ಒಂದು ಓಣಿಯಲ್ಲಿ ನಾನು ಕೂಗುತ್ತಾ ಹೋದೆ, ಆ ಕಡೆಯಿಂದ ಇಲ್ಲ, ಇಲ್ಲ ಎಂದೇ ಬಂತು. ನಲವತ್ತಮೂರು ಸಲ ಕೂಗಿದೆ. ನಲವತ್ತಮೂರು ಸಲವೂ ಇಲ್ಲ. ಎಲ್ಲದರ ಮೂಲೆಯಲ್ಲೂ ಆ ಅಕ್ಷರ. ಒಗೆಯುವ ಹೆಂಗಸಿನ ಕಾರ್ಡೂ ಅದರಲ್ಲೇ ಇತ್ತು.

ಅಕ್ಕೋರು ಎದ್ದು ನಿಂತು, ನೆರೆಯ ಓಣಿಗಳ ಎರಡನೆಯ ಸಲದ ಕಾರ್ಡುಗಳನ್ನು ಒಂದೊಂದಾಗಿ ತಿರುವಿ ಹಿಂಬದಿ ನೋಡತೊಡಗಿದರು. ಎರಡನೆಯ ಸಲ ಆ ಓಣಿಗಳ ಮನೆಮನೆಗೆ ಹೋದವಳು ಅದೇ ಊರಿನ ಒಬ್ಬ ಹುಡುಗಿಯಂತೆ. ಪ್ರಶ್ನೆಗಳಿಗೆ ಸಂಬಂಧವಿಲ್ಲದ್ದನ್ನು ಅವಳು ಪೆನ್ಸಿಲಿನಲ್ಲಿ ಹಿಂದೆ ಗೀಚುತ್ತಿದ್ದಳು. ಹಿಂಬದಿಯನ್ನು ನಾನು ಎಂದೂ ಓದಿರಲಿಲ್ಲ. ಎರಡು ದಿನ ಹುಡುಕಿ ಅಕ್ಕೋರು ಮೂರು ಕಾರ್ಡು ತೆಗೆದು ತಟ್ಟೆಯಲ್ಲಿ ಇಟ್ಟರು. ಒಂದರಲ್ಲಿ ಹೀಗಿತ್ತು: ನದಿಯ ಓಣಿಯವರು ಎಲ್ಲಿ ಎಂದು ಕೇಳಿದೆ, ಮನೆಯಾಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇನ್ನೊಂದರಲ್ಲಿ: ಆ ಓಣಿಯ ಶಾಲೆಯಲ್ಲಿ ಈಗ ಗಿರಣಿಯ ಹತ್ತಿ ಅಂಡಿಗೆ ಇಟ್ಟಿದ್ದಾರೆ, ಗೋಡೆಯ ಮೇಲೆ ಹೊಗೆಯ ಕಲೆ. ಮೂರನೆಯದು ಒಬ್ಬ ಅಂಗಡಿಕಾರನದು, ಅದರ ಹಿಂದೆ ಹುಡುಗಿ ಬರೆದದ್ದು: ನಾವೇನೂ ಮಾಡಲಿಲ್ಲ, ಅವರೇ ಹೋದರು ಎಂದ, ನಾನು ಅದನ್ನು ಕೇಳಿರಲೇ ಇಲ್ಲ.

ನಾನು ಮೂರನ್ನೂ ಓದಿದೆ. ನಮ್ಮ ಕೆಲಸ ಎಣಿಸುವುದು, ಇದು ಸಾಹೇಬರಿಗೆ ಬಿಟ್ಟದ್ದು ಎಂದೆ. ಅಕ್ಕೋರು ಆ ವಾರವೆಲ್ಲ ತಮ್ಮ ಪಾಲಿನ ಕೆಲಸ ಮುಗಿಸಿ, ಶಾಲೆ ಬಿಟ್ಟ ಮೇಲೆ ಮತ್ತೆ ಬಂದು ಕೂತು, ಆ ನಲವತ್ತಮೂರು ಮನೆಗಳಿಗೆ ಒಂದು ಪ್ರತ್ಯೇಕ ಕೋಷ್ಟಕ ಮಾಡಿದರು. ಎಷ್ಟು ಜನ, ಏನು ಕೆಲಸ, ಎಷ್ಟು ಮಕ್ಕಳು ಶಾಲೆಯಲ್ಲಿ, ಎಷ್ಟು ಮನೆ ಸ್ವಂತದ್ದು. ಕೊನೆಯ ಕಲಮಿನಲ್ಲಿ ಹತ್ತು ವರ್ಷದ ನಂತರ ಎಂದು ಬರೆದು ಕೆಳಗೆ ಖಾಲಿ ಬಿಟ್ಟಿದ್ದರು. ಅಷ್ಟು ಚೊಕ್ಕವಾದ ಕೋಷ್ಟಕವನ್ನು ನಾನು ಆ ಹದಿನಾಲ್ಕು ತಿಂಗಳಲ್ಲಿ ಒಂದೂ ಮಾಡಲಿಲ್ಲ.

ಪ್ರೊಫೆಸರ್ ಸಾಹೇಬರು ಅದನ್ನು ಬಹಳ ಹೊತ್ತು ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ. ನನ್ನ ಕೆಮ್ಮಿಗೆ ತಮ್ಮ ಔಷಧಿ ಕೊಟ್ಟವರು, ಅಕ್ಕೋರು ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದವರು. ತಮಗೆ ಇದು ಗೊತ್ತಿದೆ ಎಂದು ಒಪ್ಪಿಕೊಂಡರು. ಗಿರಣಿಗಳು ಮುಚ್ಚಿ ಮತ್ತೆ ತೆರೆದಾಗ ಕೆಲಸ ಯಾರಿಗೆ ಎಂಬ ಜಗಳ ಎದ್ದಿತ್ತಂತೆ. ಆ ಓಣಿಗೆ ಬೆಂಕಿ ಬಿದ್ದಿತ್ತಂತೆ. ಯಾರೂ ಬರೆದಿಟ್ಟಿಲ್ಲ, ಯಾರೂ ಸಾಕ್ಷಿ ಹೇಳುವುದಿಲ್ಲ. ತಮ್ಮ ಅಧ್ಯಯನ ಬದಲಾವಣೆಯನ್ನು ಅಳೆಯುವುದು, ಅಳೆಯಲು ಎರಡು ಕಾರ್ಡು ಬೇಕು, ಒಂದೇ ಇದ್ದಲ್ಲಿ ಅಳತೆ ಇಲ್ಲ. ಆದ್ದರಿಂದ ಆ ಓಣಿಯನ್ನು ಮೊದಲ ಎಣಿಕೆಯಿಂದಲೂ ತೆಗೆದುಬಿಟ್ಟರೆ ಲೆಕ್ಕ ಶುದ್ಧವಾಗುತ್ತದೆ ಎಂದರು. ಆ ಊರಿನ ದೊಡ್ಡವರು ಬಾಗಿಲು ತೆರೆದದ್ದರಿಂದಲೇ ಈ ಕೆಲಸ ಸಾಧ್ಯವಾಯಿತು ಎಂಬುದನ್ನು ಆಮೇಲೆ, ಮೆಲ್ಲನೆ ಹೇಳಿದರು.

ಅಕ್ಕೋರು ಇಂಗ್ಲಿಷಿನಲ್ಲಿ ಕೇಳಿದ್ದು ಇಷ್ಟೇ. ಒಂದು ಸಾಲು ಸಾಕು. ಇಂಥ ಓಣಿಯಲ್ಲಿ ಇಷ್ಟು ಮನೆ ಇದ್ದವು, ಎರಡನೆಯ ಸಲ ಹೋದಾಗ ಇರಲಿಲ್ಲ. ಕಾರಣ ಬರೆಯಬೇಡಿ. ಸಾಹೇಬರು ತಲೆ ಅಲ್ಲಾಡಿಸಿದರು. ಒಂದು ಸಾಲು ಬರೆದರೆ ಓದಿದವರು ಕಾರಣ ಕೇಳುತ್ತಾರೆ ಎಂದರು.

ಅವರು ಒಳಗೆ ಹೋದ ಮೇಲೆ ಅಕ್ಕೋರು ನನ್ನ ಕಡೆ ತಿರುಗಿದರು.

"ಹೋದೋರನ್ನ ಬಿಟ್ಟು ಇದ್ದೋರನ್ನ ಅಷ್ಟ ಎಣಿಸಿದ್ರ ಯಾವ ಊರಾದ್ರೂ ಛಲೋನ ಆಗಿರತೈತ್ರಿ. ಮೋಟಾರ ಬಂದ್ವು, ರೇಡಿಯೋ ಬಂದ್ವು ಅಂತ ಬರೀತಾರ. ಕುಕನೂರಾಗ ನಮ್ಮ ಕೇರಿ ಎರಡು ಸಲ ಎತ್ತಿಸ್ಯಾರ. ತಹಸೀಲಿ ದಫ್ತರದಾಗ ಹುಡುಕಿದ್ರ ನಾವು ಅಲ್ಲಿ ಇದ್ವಿ ಅನ್ನೂದ ಇಲ್ಲ. ನಾ ರುಜು ಹಾಕೂದಿಲ್ರಿ."

ರುಜುವಿನ ಮಾತು ಬಂದದ್ದು ಹೀಗೆ. ಪುಸ್ತಕ ಅಚ್ಚು ಹಾಕುವವರು ಒಂದು ಪ್ರಮಾಣಪತ್ರ ಕೇಳಿದ್ದರು. ಎಲ್ಲ ಕಾರ್ಡುಗಳನ್ನೂ ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಕೋಷ್ಟಕಗಳನ್ನು ತಾಳೆ ನೋಡಿದ್ದಾರೆ ಎಂದು ಆ ಇಬ್ಬರೂ ರುಜು ಹಾಕಬೇಕು. ಅಕ್ಕೋರು ಒಲ್ಲೆ ಎಂದರು. ಪ್ರೊಫೆಸರ್ ಸಾಹೇಬರು ಎರಡು ದಿನ ಕಾದರು. ಮೂರನೆಯ ದಿನ, ಅಕ್ಕೋರು ಶಾಲೆಯಲ್ಲಿದ್ದ ಹೊತ್ತಿನಲ್ಲಿ ನನ್ನನ್ನು ಒಳಗೆ ಕರೆದು ಕೂರಿಸಿ ಚಹಾ ತರಿಸಿದರು. ನನ್ನದು ಒಂದೇ ರುಜು ಸಾಕಾಗಬಹುದು, ಆದರೆ ಇನ್ನೊಬ್ಬರು ಏಕಿಲ್ಲ ಎಂದು ಬರೆಯಬೇಕಾಗುತ್ತದೆ ಎಂದರು. ಆಮೇಲೆ ಕೇಳಿದರು, ಎಣಿಕೆಯಲ್ಲಿ ತಪ್ಪುಗಳು ಆಗಿವೆಯೇ?

ಮೇಜಿನ ಮೇಲೆ ಅವರು ನನಗಾಗಿ ಬರೆದ ಪತ್ರ ಇತ್ತು. ಹೈದರಾಬಾದಿನ ಕಾಲೇಜಿಗೆ. ಈ ಹುಡುಗನಿಗೆ ಜಾಗ ಕೊಟ್ಟರೆ ನಿಮಗೇ ಲಾಭ ಎಂಬರ್ಥದ ಮಾತುಗಳನ್ನು ಅವರು ಹಿಂದಿನ ವಾರ ನನಗೆ ಓದಿ ತೋರಿಸಿದ್ದರು. ರುಜು ಇನ್ನೂ ಹಾಕಿರಲಿಲ್ಲ. ಸುಗ್ಗಿ ಹತ್ತಿರ ಬಂದಿತ್ತು. ಗಿರಣಿಯ ಸೇಠರು ಎರಡು ಸಲ ಹೇಳಿ ಕಳಿಸಿದ್ದರು. ಕಿಟಕಿಯಿಂದ ಹತ್ತಿಯ ಬಂಡಿಗಳು ಸ್ಟೇಷನ್ನಿನ ಕಡೆ ಹೋಗುವುದು ಕಾಣುತ್ತಿತ್ತು. ನನ್ನ ಬಾಯಲ್ಲಿ ಆ ಧೂಳಿನ ರುಚಿ ಬಂದಂತಾಯಿತು.

ಹೌದು, ಕೆಲವು ತಪ್ಪುಗಳು ಆಗಿವೆ ಎಂದೆ.

ಅವರು ಮುಂದೆ ಕೇಳಲಿಲ್ಲ. ಬಿಸ್ಕತ್ತಿನ ಡಬ್ಬಿ ಪಡಸಾಲೆಯಲ್ಲೇ ಇತ್ತು, ತರಿಸಿ ನೋಡಲಿಲ್ಲ. ನಾನೂ ಹೇಳಲಿಲ್ಲ. ಇನ್ನೊಬ್ಬ ಸಹಾಯಕಿಯ ಎಣಿಕೆಯಲ್ಲಿ ನಿಖರತೆ ಕಡಿಮೆ ಕಂಡದ್ದರಿಂದ ಅವರನ್ನು ಬಿಡಲಾಗಿದೆ ಎಂದು ಅವರು ಬರೆದರು. ನಾನು ಅದರ ಕೆಳಗೆ ರುಜು ಮಾಡಿದೆ. ಮಸಿ ಆರುವ ಮೊದಲೇ ಅವರು ನನ್ನ ಪತ್ರಕ್ಕೆ ತಮ್ಮ ರುಜು ಹಾಕಿದರು.

ಇದು ಅಲ್ಲಿಗೇ ನಿಲ್ಲುವುದಿಲ್ಲ ಎಂದು ತಿಳಿಯದಷ್ಟು ಮುಗ್ಧ ನಾನಾಗಿರಲಿಲ್ಲ. ಡಾಕ್ಟರಬಾಯಿ ಅಣ್ಣನ ಮಾತನ್ನು ನಂಬಿದರು. ಲೆಕ್ಕದಲ್ಲಿ ಕೈ ಭದ್ರವಿಲ್ಲದವರನ್ನು ತರಬೇತಿಗೆ ಹೇಗೆ ಕಳಿಸುವುದು ಎಂದು, ಬೇರೊಬ್ಬಳ ಹೆಸರು ಬಳ್ಳಾರಿಗೆ ಹೋಯಿತು. ಅಕ್ಕೋರು ಇನ್ನೊಂದು ವರ್ಷ ದವಾಖಾನೆಯ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸಬಹುದು, ಲೆಕ್ಕ ಬೇಡ ಎಂದರಂತೆ. ಅಕ್ಕೋರು ಒಪ್ಪದೆ ಕುಕನೂರಿಗೆ ಹೊರಟರು.

ಹೋಗುವ ದಿನ ಬೆಳಿಗ್ಗೆ ಪಡಸಾಲೆಗೆ ಬಂದರು. ತಮ್ಮ ಮೇಜಿನ ಖಾನೆಯಿಂದ ಪೆನ್ಸಿಲು, ಕನ್ನಡಕದ ಡಬ್ಬಿ ತೆಗೆದುಕೊಂಡರು. ತಾವು ಮಾಡಿದ ಕೋಷ್ಟಕ ಅಲ್ಲಿರಲಿಲ್ಲ. ಅದನ್ನು ಸಾಹೇಬರು ಹಿಂದೆಯೇ ತೆಗೆಸಿದ್ದರು. ನಾನು ತಲೆ ತಗ್ಗಿಸಿ ಎಣಿಸುವ ಹಾಗೆ ಮಾಡುತ್ತಿದ್ದೆ. ಎಷ್ಟು ಸಲ ಎಣಿಸಿದರೂ ಬೇರೆ ಲೆಕ್ಕ ಬರುತ್ತಿತ್ತು.

"ನೀವು ಸುಳ್ಳ ಹೇಳಿಲ್ರಿ, ಕಾರಕೂನ್ರ," ಎಂದರು. "ತಪ್ಪು ಆಗಿದ್ದು ಖರೇ. ಯಾರವು ಅಂತ ಹೇಳಿಲ್ಲ, ಅಷ್ಟ."

ಅವರ ದನಿಯಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಲೆಕ್ಕ ಒಪ್ಪಿಸಿದ ಹಾಗೆ ಹೇಳಿ ಮೆಟ್ಟಿಲಿಳಿದು ಹೋದರು.

ಉಳಿದ ಕೆಲಸ ನಾನೊಬ್ಬನೇ ಮುಗಿಸಿದೆ. ನದಿಯ ಓಣಿಯನ್ನು ಪ್ರತಿ ಕೋಷ್ಟಕದಿಂದಲೂ ತೆಗೆದು ಹೊಸದಾಗಿ ಟೈಪು ಮಾಡಬೇಕಿತ್ತು. ಮತ್ತೆ ಎಣಿಸಿ ನೋಡುವವರು ಯಾರೂ ಇರಲಿಲ್ಲ. ಹೀಗೆ ಟೈಪು ಮಾಡಿ ನೋಡಿದರೆ ಆ ಊರು ನಿಜಕ್ಕೂ ಚೆನ್ನಾಗಿ ಕಂಡಿತು. ಕೆಟ್ಟ ಕಾಲ ಬಂದು ಹೋಗಿತ್ತು, ಹೆಂಗಸರು ದುಡಿಯುತ್ತಿದ್ದರು, ಮಕ್ಕಳು ಹೆಚ್ಚು ಓದುತ್ತಿದ್ದರು, ನೆರೆಹೊರೆಯವರು ಹೊಂದಿಕೊಂಡಿದ್ದರು. ಬದಲಾವಣೆ ಶಾಂತವಾಗಿ ಆಗಿತ್ತು ಎಂಬ ವಾಕ್ಯವನ್ನು ನಾನೇ ಟೈಪು ಮಾಡಿದೆ.

ಯುದ್ಧದಿಂದಾಗಿ ಕಾಗದ ಸಿಗುತ್ತಿರಲಿಲ್ಲ. ದವಾಖಾನೆಗೆ ಬರುವವರಿಗೆ ಕೊಡುವ ನಂಬರು ಚೀಟಿಗೆ ಗಟ್ಟಿ ಕಾಗದ ಬೇಕೆಂದು ಡಾಕ್ಟರಬಾಯಿ ಅಣ್ಣನನ್ನು ಕೇಳಿದರು. ಬೇಡವಾದ ಕಾರ್ಡುಗಳನ್ನು ಹಡಗಿನಲ್ಲಿ ಹೊತ್ತು ಒಯ್ಯುವುದೇಕೆ ಎಂದು ಸಾಹೇಬರು ಆ ನಲವತ್ತಮೂರನ್ನೂ ಕೊಟ್ಟುಬಿಟ್ಟರು. ಒಂದೊಂದನ್ನು ನಾಲ್ಕು ತುಂಡು ಮಾಡಲು ನನಗೆ ಹೇಳಿದರು. ಮಾಡಿದೆ. ಒಗೆಯುವ ಹೆಂಗಸಿನದನ್ನು ಕತ್ತರಿಸುವಾಗ ಕೈ ನಿಂತಿತು ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಒಂದಿಷ್ಟು ಕರುಣೆ ಬರಬಹುದು. ಕೈ ನಿಲ್ಲಲಿಲ್ಲ. ಯಾವುದು ಅವಳದು ಎಂದು ನಾನು ನೋಡಲೇ ಇಲ್ಲ. ಕೆಲವು ವಾರ ಕೊಪ್ಪಳದ ಸುತ್ತಲಿನ ಹಳ್ಳಿಯವರು ಆ ತುಂಡುಗಳನ್ನು ಕೈಯಲ್ಲಿ ಹಿಡಿದು ದವಾಖಾನೆಯ ಕಟ್ಟೆಯ ಮೇಲೆ ತಮ್ಮ ಸರದಿಗೆ ಕಾಯುತ್ತಿದ್ದರು.

ಪ್ರೊಫೆಸರ್ ಸಾಹೇಬರಿಗೆ ಕೊನೆಗೆ ಮುಂಬಯಿಯಿಂದ ಹಡಗು ಸಿಕ್ಕಿತು. ನನಗೆ ಹೈದರಾಬಾದಿನಲ್ಲಿ ಜಾಗ ಸಿಕ್ಕಿತು. ಕೆಮ್ಮು ವಾಸಿಯಾಯಿತು. ಓದು ಮುಗಿದ ಮೇಲೆ ಶಾಲೆಗಳ ಇನ್ಸ್‌ಪೆಕ್ಟರ್ ಆಗಿ ನಮ್ಮ ಸೀಮೆಗೇ ಬಂದೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ತಿರುಗಾಟ. ಕುಕನೂರಿನ ಸರದಿ ಬಂದಾಗಲೆಲ್ಲ ಏನಾದರೂ ನೆಪ ಹೇಳಿ ಕೈಕೆಳಗಿನವರನ್ನು ಕಳಿಸುತ್ತಿದ್ದೆ.

ಯುದ್ಧ ಮುಗಿದು ಒಂದೆರಡು ವರ್ಷಕ್ಕೆ ಪುಸ್ತಕ ಅಂಚೆಯಲ್ಲಿ ಬಂತು. ಮುನ್ನುಡಿಯ ಕೊನೆಯಲ್ಲಿ, ಭಾರತದ ಒಂದು ಸಣ್ಣ ಊರಿನ ಎಣಿಕೆದಾರನ ನಿಷ್ಠೆಗೆ ಋಣಿ ಎಂದು ಒಂದು ಸಾಲು. ಅದನ್ನು ಮನೆಯವರಿಗೆ ಓದಿ ತೋರಿಸಿದೆ. ಎಲ್ಲರಿಗೂ ಸಂತೋಷವಾಯಿತು. ಆಮೇಲೆ ಅದನ್ನು ಕಪಾಟಿನಲ್ಲಿಟ್ಟವನು ಮತ್ತೆ ತೆರೆಯಲಿಲ್ಲ.

ನಿಜಾಮರ ಆಳಿಕೆ ಮುಗಿದ ಮರುವರ್ಷ, ಕೇರಿಗಳಲ್ಲಿ ಖಾಸಗಿಯಾಗಿ ನಡೆಯುತ್ತಿದ್ದ ಶಾಲೆಗಳನ್ನು ಇನ್ಸ್‌ಪೆಕ್ಟರ್ ಸ್ವತಃ ನೋಡಿ ಮಂಜೂರಾತಿಗೆ ಶಿಫಾರಸು ಮಾಡಬೇಕೆಂದು ಹುಕುಂ ಬಂತು. ಪಟ್ಟಿಯಲ್ಲಿ ಕುಕನೂರಿನದೂ ಇತ್ತು. ಈ ಸಲ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಚೀಲದಲ್ಲಿ ಆ ಪುಸ್ತಕವನ್ನೂ ಹಾಕಿಕೊಂಡೆ. ಏಕೆಂದು ನನಗೇ ಸ್ಪಷ್ಟವಿರಲಿಲ್ಲ. ಕೊಟ್ಟುಬಿಡುವುದೋ, ತೋರಿಸಿ ಬೈಸಿಕೊಳ್ಳುವುದೋ.

ಒಂದೇ ಕೋಣೆಯ ಶಾಲೆ. ಮೂವತ್ತು ಚಿಲ್ಲರೆ ಮಕ್ಕಳು. ಅಕ್ಕೋರಿಗೆ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿದರು, ಗುರುತಿಸಿದ್ದನ್ನು ತೋರಿಸಲಿಲ್ಲ. ಹಾಜರಿ ಪುಸ್ತಕ ತಂದಿಟ್ಟು ನಿಂತುಕೊಂಡರು. ನಾನು ಬಾಯಿಲೆಕ್ಕ ಕೇಳಿದೆ. ಅಲ್ಲಿನ ಮಕ್ಕಳಷ್ಟು ಚುರುಕಾಗಿ ಲೆಕ್ಕ ಹೇಳುವ ಮಕ್ಕಳನ್ನು ನನ್ನ ತಿರುಗಾಟದಲ್ಲಿ ನಾನು ಕಂಡಿಲ್ಲ. ಶಿಫಾರಸಿನ ಕಾಗದವನ್ನು ಅಲ್ಲೇ ಕೂತು ಬರೆದು ಅವರ ಕೈಗೆ ಕೊಟ್ಟೆ. ಮಕ್ಕಳಿಗೆ ಊಟದ ಬಿಡುವು ಕೊಟ್ಟ ಮೇಲೆ ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಮುನ್ನುಡಿ ಬಿಟ್ಟು ನೇರವಾಗಿ ಹಿಂದಕ್ಕೆ, ಅನುಬಂಧಕ್ಕೆ ಹೋದರು. ಓಣಿವಾರು ಮನೆಗಳ ಪಟ್ಟಿ. ಬೆರಳಿಟ್ಟು ಮೇಲಿಂದ ಕೆಳಕ್ಕೆ ಬಂದರು. ನದಿಯ ಓಣಿ ಇರಬೇಕಾದ ಜಾಗದಲ್ಲಿ ಬೆರಳು ನಿಲ್ಲಲಿಲ್ಲ, ಇಲ್ಲ ಎಂದು ಮೊದಲೇ ಗೊತ್ತಿದ್ದವರ ಹಾಗೆ ದಾಟಿತು. ಕೊನೆಗೆ ಮೊತ್ತದ ಮೇಲೆ ನಿಂತಿತು. ತುಟಿ ಅಲ್ಲಾಡಿತು. ಮತ್ತೆ ಮೇಲಕ್ಕೆ ಹೋಗಿ ಇನ್ನೊಮ್ಮೆ ಕೂಡಿಸುತ್ತಾ ಬಂದರು. ಒಂದು ಸ್ಲೇಟು ತೆಗೆದುಕೊಂಡು ಬರೆದು, ಕಳೆದು, ನನ್ನ ಕಡೆಗೆ ತಿರುಗಿಸಿದರು. ಉತ್ತರ ನಲವತ್ತಮೂರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅನುಬಂಧವನ್ನು ಟೈಪು ಮಾಡುವಾಗ ನಾನು ಆ ಓಣಿಯ ಸಾಲನ್ನು ತೆಗೆದಿದ್ದೆ. ಕೆಳಗಿನ ಮೊತ್ತವನ್ನು ತಿದ್ದಲು ಮರೆತಿದ್ದೆ. ಹಳೆಯ ಮೊತ್ತವೇ ಅಚ್ಚಾಗಿತ್ತು. ಪ್ರೊಫೆಸರು ನೋಡಲಿಲ್ಲ, ಅಚ್ಚು ಹಾಕಿದವರು ನೋಡಲಿಲ್ಲ. ಅದೆಲ್ಲ ಸರಿ ಇದೆ ಎಂಬ ಪ್ರಮಾಣಪತ್ರದ ಕೆಳಗೆ ನನ್ನ ರುಜು ಇತ್ತು.

"ಕೂಡಿಸಿ ಕಳದು ನೋಡೋರಿಗೆ ಸಿಗತೈತ್ರಿ," ಎಂದರು ಅಕ್ಕೋರು. "ಈ ತಪ್ಪು ಯಾರದ್ರಿ?"

"ನಂದ್ರಿ, ಅಕ್ಕೋರ," ಎಂದೆ. "ಎಲ್ಲಾ ನನ್ನವ. ಡಬ್ಬಿಯಾಗಿನ ಕೆಂಪು ಚೀಟೀನೂ ನನ್ನವ."

ಹೊರಗೆ ಮಕ್ಕಳು ರೊಟ್ಟಿ ಗಂಟು ಬಿಚ್ಚಿ ಕೂತಿದ್ದರು. ಅಕ್ಕೋರು ಸ್ಲೇಟನ್ನು ಸೆರಗಿನಿಂದ ಒರೆಸಿ ಗೂಟಕ್ಕೆ ತೂಗುಹಾಕಿದರು. ಪುಸ್ತಕವನ್ನು ಮುಚ್ಚಿ ನನ್ನ ಕಡೆಗೆ ಸರಿಸಿದರು.

"ಇದನ್ನ ಅವತ್ತ ಒಳಗ ಸಾಹೇಬ್ರ ಮುಂದ ಹೇಳಬೇಕಾಗಿತ್ತ್ರಿ," ಎಂದರು. "ಇಲ್ಲಿ ಹೇಳಿದ್ರ ಕೇಳಾಕ ನಾ ಒಬ್ಬಾಕಿನ ಅದೀನಿ. ನನಗ ಮೊದಲ ಗೊತ್ತೈತಿ."

ಬಿಡುವು ಮುಗಿದು ಮಕ್ಕಳು ಒಳಗೆ ಬರತೊಡಗಿದರು. ನಾನು ಕೂತಿದ್ದ ಕುರ್ಚಿ ಅಕ್ಕೋರದು, ಆ ಕೋಣೆಯಲ್ಲಿ ಇದ್ದದ್ದು ಅದೊಂದೇ. ಎದ್ದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಅವರು ಕೂತು ಲೆಕ್ಕ ಶುರು ಮಾಡಿದರು.